ಅಕ್ಕಿಆಲೂರಿನ ಚಿನ್ನ, ರೋಮಿನ ಮುಖ

(ಹಲಗೇರಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರಾಚೀನ ರೋಮನ್ನರ ಇತಿಹಾಸ ಮತ್ತು ಸಂಸ್ಕೃತಿಯ ಬಗ್ಗೆ ಮಾತನಾಡಬೇಕೆಂದು ನೀವು ಹೇಳಿ ಕಳಿಸಿದಾಗ, ಹಲಗೇರಿಯಲ್ಲಿ ನಿಂತು ರೋಮಿನ ಮಾತನ್ನು ಎಲ್ಲಿಂದ ಎತ್ತಿಕೊಳ್ಳುವುದು ಎಂದು ಎರಡು ದಿನ ಯೋಚಿಸಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ರೋಮ್ ಎಂದರೆ ಜೂಲಿಯಸ್ ಸೀಸರ್, ಕತ್ತಿಮಲ್ಲರ ಕಾಳಗ, ಊರು ಉರಿಯುವಾಗ ಪಿಟೀಲು ಬಾರಿಸಿದ ನೀರೋ. (ಪಿಟೀಲು ಆಗಿನ್ನೂ ಹುಟ್ಟಿರಲಿಲ್ಲ, ಆ ಮಾತು ಬೇರೆ.) ಪರೀಕ್ಷೆ ಮುಗಿದ ಮರುದಿನ ಮರೆಯುವ ಈ ಸಂಗತಿಗಳನ್ನು ಮತ್ತೆ ಒಪ್ಪಿಸಲು ನಾನು ಇಲ್ಲಿಯವರೆಗೆ ಬರಬೇಕಿರಲಿಲ್ಲ. ನಮ್ಮ ಜಿಲ್ಲೆಯ ಮಣ್ಣಿನೊಳಗಿನಿಂದಲೇ ಎದ್ದು ಬಂದ ರೋಮ್ ಒಂದಿದೆ. ಅದನ್ನು ಹಿಡಿದುಕೊಂಡೇ ಹೊರಡೋಣ.

ಹಾನಗಲ್ಲ ತಾಲೂಕಿನ ಅಕ್ಕಿಆಲೂರು ನಿಮಗೆಲ್ಲ ಗೊತ್ತಿರುವ ಊರು. ಬೀಗತನ ಮಾಡಿದವರೂ ಇಲ್ಲಿ ಇದ್ದೀರಿ. ಆ ಊರಿನಲ್ಲಿ ಒಂದೇ ಕಡೆ ನಲವತ್ತಕ್ಕೂ ಮಿಕ್ಕಿ ಚಿನ್ನದ ನಾಣ್ಯಗಳು ಸಿಕ್ಕವು. ನಮ್ಮ ನಾಣ್ಯಶಾಸ್ತ್ರಜ್ಞರಾದ ಎ.ವಿ. ನರಸಿಂಹಮೂರ್ತಿ ಮತ್ತು ಡಿ.ವಿ. ದೇವರಾಜ್ ಅವುಗಳನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅವುಗಳ ಮೇಲೆ ಇರುವುದು ಕದಂಬರ ಸಿಂಹವಲ್ಲ, ಚಾಲುಕ್ಯರ ವರಾಹವೂ ಅಲ್ಲ; ರೋಮನ್ ಚಕ್ರವರ್ತಿಗಳ ಮುಖಗಳು. ಹೆಚ್ಚಿನವು ಕ್ರಿ.ಶ. 5ನೆಯ ಶತಮಾನ ಮತ್ತು 6ನೆಯ ಶತಮಾನದ ಆರಂಭದವು, ಅಂದರೆ ರೋಮನ್ನರ ರಾಜಧಾನಿ ಇಟಲಿಯಿಂದ ಕಾನ್‌ಸ್ಟಾಂಟಿನೋಪಲ್‌ಗೆ, ಇಂದಿನ ತುರ್ಕಿಯ ಇಸ್ತಾಂಬುಲ್‌ಗೆ, ಹೋದ ನಂತರದವು. ಈ ಜಾತಿಯ ನಾಣ್ಯಕ್ಕೆ ಸಾಲಿಡಸ್ ಎಂದು ಹೆಸರು. ಒಂದೊಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ನಲವತ್ತು ಸಾಲಿಡಸ್ ಎಂದರೆ ಹದಿನೈದು ತೊಲೆಗೆ ಮಿಕ್ಕಿದ ಬಂಗಾರ.

ಸಾವಿರಾರು ಮೈಲಿ ಆಚೆಯ ದೊರೆಯ ಮುಖ ವರದಾ ನದಿಯ ಸೀಮೆಗೆ ಯಾಕೆ ಬಂತು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಇನ್ನೊಂದು ಐದುನೂರು ವರ್ಷ ಹಿಂದಕ್ಕೆ ಹೋಗಿ, ಒಂದು ಅಡಿಗೆಮನೆಯ ಸಂಗತಿಯಿಂದ ಆರಂಭಿಸಬೇಕು.

ಬ್ಯಾಡಗಿಯ ಹೆಸರು ಹೇಳಿದರೆ ಇಂದು ದೇಶಕ್ಕೆಲ್ಲ ನೆನಪಾಗುವುದು ಮೆಣಸಿನಕಾಯಿ. ಆದರೆ ಮೆಣಸಿನಕಾಯಿ ನಮ್ಮ ನೆಲದ್ದಲ್ಲ. ಅದು ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ 1498ರಲ್ಲಿ ಬಂದ ಮೇಲೆ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ಅದಕ್ಕೂ ಮೊದಲು ನಮ್ಮವರ ಸಾರಿಗೆ ಖಾರ ಕೊಟ್ಟದ್ದು ಮೆಣಸು, ನಾವು ಈಗ ಕರಿಮೆಣಸು ಎನ್ನುವ ಕಾಳು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಕಾಳಿನ ಹೆಸರನ್ನೇ ಕೊಟ್ಟು ಮೆಣಸಿನ ಕಾಯಿ ಎಂದರು. ಇಡೀ ಚರಿತ್ರೆ ಆ ಒಂದು ಪದದಲ್ಲಿದೆ. ಯಾವ ಶಾಸನವೂ ಬೇಡ. ಆ ಹಳೆಯ ಮೆಣಸು, ಪಶ್ಚಿಮ ಘಟ್ಟದ ನೆರಳಿನಲ್ಲಿ ಬಳ್ಳಿಯಾಗಿ ಹಬ್ಬುವ ಮೆಣಸು, ರೋಮನ್ನರಿಗೆ ಹುಚ್ಚು ಹಿಡಿಸಿತ್ತು.

ಹುಚ್ಚು ಎಂಬುದು ನನ್ನ ಉತ್ಪ್ರೇಕ್ಷೆಯಲ್ಲ. ಕ್ರಿ.ಶ. 1ನೆಯ ಶತಮಾನದ ಪ್ಲಿನಿ ಎಂಬ ರೋಮನ್ ಪಂಡಿತ ಬೆಲೆ ಬರೆದಿಟ್ಟಿದ್ದಾನೆ: ಒಂದು ರೋಮನ್ ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 325 ಗ್ರಾಂ, ಕರಿಮೆಣಸಿಗೆ 4 ದಿನಾರಿಯಸ್. ಬಿಳಿ ಮೆಣಸಿಗೆ 7, ಹಿಪ್ಪಲಿಗೆ 15. ದಿನಾರಿಯಸ್ ಎಂದರೆ ಬೆಳ್ಳಿಯ ನಾಣ್ಯ. ಆ ಕಾಲದ ರೋಮನ್ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್ ಸಂಬಳ. ಅಂದರೆ ಮುನ್ನೂರು ಚಿಲ್ಲರೆ ಗ್ರಾಂ ಮೆಣಸಿಗೆ ಒಬ್ಬ ಸಿಪಾಯಿಯ ಆರೇಳು ದಿನಗಳ ಸಂಬಳ. ಆದರೂ ಕೊಂಡರು. ರೋಮ್ ನಗರದಲ್ಲಿ ಮೆಣಸಿಗೆಂದೇ ಚಕ್ರವರ್ತಿ ಡೊಮಿಷಿಯನ್ ದೊಡ್ಡ ಉಗ್ರಾಣ ಕಟ್ಟಿಸಿದ. ಕ್ರಿ.ಶ. 408ರಲ್ಲಿ ಅಲಾರಿಕ್ ಎಂಬ ಗಾತ್ ದೊರೆ ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟು ಹೋಗಲು ಪಡೆದ ಒತ್ತೆಹಣದಲ್ಲಿ ಚಿನ್ನ ಬೆಳ್ಳಿಯ ಜೊತೆಗೆ 3,000 ಪೌಂಡು ಮೆಣಸೂ ಇತ್ತು.

ಈ ವ್ಯಾಪಾರ ನಡೆದದ್ದು ನಮ್ಮ ಮುಂಗಾರು ಗಾಳಿಯ ಬಲದಿಂದ. ಕ್ರಿ.ಪೂ. 30ರಲ್ಲಿ ಈಜಿಪ್ಟ್ ರೋಮನ್ನರ ಕೈಸೇರಿತು. ಅಲ್ಲಿಂದ ಕೆಂಪು ಸಮುದ್ರ ದಾಟಿ, ಆಷಾಢದ ಗಾಳಿಗೆ ಹಾಯಿ ಬಿಚ್ಚಿದರೆ, ಅರಬಸ್ಥಾನದ ತುದಿಯಿಂದ ನಲವತ್ತು ದಿನಗಳಲ್ಲಿ ಕೇರಳದ ಮುಜಿರಿಸ್ ಬಂದರು. ಸುಗ್ಗಿಯ ಹೊತ್ತಿಗೆ ಗಾಳಿ ತಿರುಗಿದಾಗ ವಾಪಸು. ವರ್ಷಕ್ಕೆ 120 ಹಡಗುಗಳು ಭಾರತದತ್ತ ಹೊರಡುತ್ತಿದ್ದವೆಂದು ಭೂಗೋಳಕಾರ ಸ್ಟ್ರಾಬೋ ಬರೆದ. ಹರ್ಮಪೋಲಾನ್ ಎಂಬ ಒಂದು ಹಡಗಿನ ಸರಕಿನ ಲೆಕ್ಕವಿರುವ ಪಪೈರಸ್ ಹಾಳೆಯೊಂದು ಇಂದು ವಿಯೆನ್ನಾದಲ್ಲಿದೆ. ಅದರ ಪ್ರಕಾರ ಮುಜಿರಿಸ್‌ನಿಂದ ಮರಳಿದ ಆ ಒಂದು ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ನಾಲ್ಕು ಸೆಸ್ಟರ್ಸ್‌ಗೆ ಒಂದು ದಿನಾರಿಯಸ್. ಈಜಿಪ್ಟಿನ ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲಿ ಅಗೆಯುವಾಗ 1999ರಲ್ಲಿ ಒಂದು ದೇವಾಲಯದ ಅಂಗಳದಲ್ಲಿ ಭಾರತದ ಮಣ್ಣಿನ ಹರವಿ ಸಿಕ್ಕಿತು. ಅದರೊಳಗೆ ಏಳೂವರೆ ಕಿಲೋ ಕರಿಮೆಣಸು ಹಾಗೆಯೇ ಇತ್ತು. ನಮ್ಮ ಹಗೇವಿನೊಳಗಿನ ಜೋಳ ನಾಲ್ಕು ವರ್ಷ ಉಳಿದರೆ ಹೆಮ್ಮೆಪಡುತ್ತಿದ್ದೆವು. ಅದು ಎರಡು ಸಾವಿರ ವರ್ಷ ಉಳಿದ ಮೆಣಸು.

ಕೊಳ್ಳುವುದಕ್ಕೆ ಅವರ ಬಳಿ ಏನಿತ್ತು? ದ್ರಾಕ್ಷಾರಸ, ಹವಳ, ಗಾಜು, ತಾಮ್ರ, ತವರ. ಇವು ಸಾಲದೆ ಹೋದಾಗ ನಾಣ್ಯ. ಪ್ಲಿನಿ ಗೊಣಗುತ್ತಾನೆ: ಭಾರತವೊಂದೇ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿದೆ, ಅಲ್ಲಿಯ ಸರಕು ನಮ್ಮಲ್ಲಿ ನೂರು ಪಟ್ಟು ಬೆಲೆಗೆ ಮಾರುತ್ತಿದೆ ಎಂದು. ನೀತಿ ಹೇಳುವವನ ಲೆಕ್ಕ, ಸ್ವಲ್ಪ ಉಬ್ಬಿರಬಹುದು. ಕ್ರಿ.ಶ. 22ರಲ್ಲಿ ಚಕ್ರವರ್ತಿ ಟೈಬೀರಿಯಸ್ ಕೂಡ, ಹೆಂಗಸರ ಹರಳುಗಳಿಗಾಗಿ ನಮ್ಮ ಹಣ ಪರದೇಶದ ಪಾಲಾಗುತ್ತಿದೆ ಎಂದು ಸೆನೆಟ್ ಸಭೆಗೆ ಪತ್ರ ಬರೆದ. ಭಾರತದ ಮಣ್ಣಿನಲ್ಲಿ ಅತಿ ಹೆಚ್ಚಾಗಿ ಸಿಗುವ ರೋಮನ್ ಬೆಳ್ಳಿ ನಾಣ್ಯಗಳು ಇಬ್ಬರವು. ಒಬ್ಬ ಅಗಸ್ಟಸ್. ಇನ್ನೊಬ್ಬ ಹೀಗೆ ದೂರು ಹೇಳಿದ ಈ ಟೈಬೀರಿಯಸನೇ!

ಕರ್ನಾಟಕದ ಒಳನಾಡಿಗೂ ಆ ಬೆಳ್ಳಿ ಹರಿದು ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ದಿನಾರಿಯಸ್‌ಗಳು ಸಿಕ್ಕವು. 1965ರಲ್ಲಿ ಅಲ್ಲಿಯ ಎಚ್.ಎ.ಎಲ್. ಪ್ರದೇಶದಲ್ಲಿ 256 ಸಿಕ್ಕವು. ನಮಗೆ ಇನ್ನೂ ಹತ್ತಿರದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು ಅಗೆಸಿದ ಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಸಾತವಾಹನರ ಕಾಲದ ಪದರದಲ್ಲಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿತು. ಉತ್ತರಕ್ಕೆ ಹೋದರೆ, ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಗ್ರೀಕ್-ರೋಮನ್ನರ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತು. ಸಮುದ್ರವೇ ಇಲ್ಲದ ಊರಿನಲ್ಲಿ ಸಮುದ್ರರಾಜ.

ಈ ನಾಣ್ಯಗಳನ್ನು ಕಂಡು ‘ರೋಮನ್ನರು ನಮ್ಮೂರಿಗೆ ಬಂದಿದ್ದರು’ ಎಂದು ಬರೆಯುವವರಿದ್ದಾರೆ. ಅಷ್ಟು ಅವಸರ ಬೇಡ. ನಾಣ್ಯ ನಡೆಯುವುದಕ್ಕೆ ಅದರ ದೊರೆಯ ಜಾತಿಯವನೇ ಜೊತೆಗಿರಬೇಕಿಲ್ಲ. ಸಂತೆಯಿಂದ ಸಂತೆಗೆ, ಹೇರೆತ್ತಿನಿಂದ ಹೇರೆತ್ತಿಗೆ, ಹತ್ತಾರು ಕೈ ದಾಟಿ ಬರುತ್ತದೆ. ನಮ್ಮವರು ಅದನ್ನು ರೋಮಿನವರಂತೆ ಎಣಿಸಿ ತೆಗೆದುಕೊಂಡರೋ, ಪತ್ತಾರರಂತೆ ತೂಗಿ ತೆಗೆದುಕೊಂಡರೋ ಎಂಬುದಕ್ಕೂ ಒಂದು ಸುಳಿವಿದೆ. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್‌ನ ತೂಕ ಇಳಿಸಿ, ತಾಮ್ರ ಬೆರೆಸಿದ. ಆ ಮೇಲಿನ ಬೆಳ್ಳಿ ನಾಣ್ಯಗಳು ಭಾರತದಲ್ಲಿ ಸಿಗುವುದು ಬಹಳ ಕಡಿಮೆ. ನಮ್ಮ ವರ್ತಕರಿಗೆ ಬೇಕಾಗಿದ್ದದ್ದು ಹಳೆಯ ಅಪ್ಪಟ ಬೆಳ್ಳಿ. ದೊರೆ ಯಾರಾದರೇನು, ಕಸ ಬೆರೆಸಿದರೆ ಒಲ್ಲೆವು ಎಂದರು. ತಮಿಳುನಾಡಿನ ಪುದುಕೋಟೆ ಸೀಮೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ರೋಮನ್ ನಾಣ್ಯಗಳಲ್ಲಿ ಬಹುತೇಕ ಎಲ್ಲದರ ಮೇಲೂ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಗೀರು ಇದೆ. ಈ ನೆಲದಲ್ಲಿ ಆ ಮುಖಕ್ಕೆ ಅಧಿಕಾರವಿಲ್ಲ, ಲೋಹಕ್ಕೆ ಮಾತ್ರ ಬೆಲೆ ಎಂದು ಗೀರಿದಂತಿದೆ. ಇದು ನನ್ನ ಊಹೆ. ಬೇರೆ ಊಹೆಗಳೂ ಇವೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರೋಮಿನಿಂದ ನಮಗಾದ ದೊಡ್ಡ ಲಾಭ ಬಂಗಾರವಲ್ಲ, ತೇದಿ. ದಕ್ಷಿಣ ಭಾರತದ ಹಳೆಯ ಊರುಗಳನ್ನು ಅಗೆದರೆ ಮಡಕೆಯ ಚೂರುಗಳು ಬುಟ್ಟಿಗಟ್ಟಲೆ ಸಿಗುತ್ತವೆ, ಯಾವುದರ ಮೇಲೂ ಇಸವಿ ಬರೆದಿರುವುದಿಲ್ಲ. 1945ರಲ್ಲಿ ವೀಲರ್ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಕೆಂಪು ಮಡಕೆಗಳನ್ನು ಕಂಡರು. ಇಟಲಿಯಲ್ಲಿ ಅವುಗಳ ಕಾಲ ಖಚಿತವಾಗಿ ಗೊತ್ತಿತ್ತು. ಅವುಗಳ ಜೊತೆಗೇ ತಳದಲ್ಲಿ ಚುಕ್ಕಿಗಳ ಸುತ್ತುಪಟ್ಟಿ ಇರುವ ಒಂದು ಬಗೆಯ ತಟ್ಟೆಗಳೂ ಇದ್ದವು. ಅದೇ ಬಗೆಯ ತಟ್ಟೆಯ ಚೂರು ಎರಡು ವರ್ಷಗಳ ನಂತರ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಿತು. ಅಲ್ಲಿಂದ ಕೆಳಗಿನ ಪದರಗಳಿಗೆ, ಬೃಹತ್ ಶಿಲಾಗೋರಿಗಳ ಕಾಲಕ್ಕೆ, ಲೆಕ್ಕ ಇಳಿಯಿತು. ಆ ಚುಕ್ಕಿ ತಟ್ಟೆ ಇಲ್ಲಿಯವರೇ ಮಾಡಿದ್ದೆಂದೂ, ವೀಲರ್ ಎಣಿಸಿದ್ದಕ್ಕಿಂತ ಹಳೆಯದೆಂದೂ ಆಮೇಲಿನ ವಿದ್ವಾಂಸರು ತಿದ್ದಿದರು. ತಿದ್ದಲು ಸಾಧ್ಯವಾದದ್ದು ಯಾವ ಚೂರು ಯಾವ ಪದರದಲ್ಲಿ ಸಿಕ್ಕಿತೆಂದು ಅವರು ಬರೆದಿಟ್ಟಿದ್ದರಿಂದ. ಈ ಮಾತನ್ನು ನೆನಪಿಡಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಈಗ ಅಕ್ಕಿಆಲೂರಿಗೆ ಮರಳೋಣ. ಯಶವಂತಪುರದ ಬೆಳ್ಳಿಗೂ ಅಕ್ಕಿಆಲೂರಿನ ಚಿನ್ನಕ್ಕೂ ನಡುವೆ ನಾಲ್ಕೈದು ನೂರು ವರ್ಷಗಳ ಅಂತರ. ಅಷ್ಟರಲ್ಲಿ ರೋಮ್ ಬದಲಾಗಿತ್ತು. ಕ್ರಿ.ಶ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಯಿತು. 476ರಲ್ಲಿ ಇಟಲಿಯ ಕೊನೆಯ ರೋಮನ್ ಚಕ್ರವರ್ತಿಯನ್ನು ಇಳಿಸಿದರು. ಪೂರ್ವದವರು ಮಾತ್ರ ತಮ್ಮನ್ನು ರೋಮನ್ನರೆಂದೇ ಕರೆದುಕೊಳ್ಳುತ್ತ 1453ರವರೆಗೆ ಬಾಳಿದರು. ನಾವು ಅವರನ್ನು ಬೈಜಾಂಟೀನರು ಎನ್ನುತ್ತೇವೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಅವರು ಅಚ್ಚು ಹಾಕಿದ ಸಾಲಿಡಸ್‌ನ ಒಂದು ಬದಿಗೆ ಶಿರಸ್ತ್ರಾಣ ತೊಟ್ಟು, ಹೆಗಲ ಮೇಲೆ ಭರ್ಚಿ ಇಟ್ಟುಕೊಂಡ ಚಕ್ರವರ್ತಿ. ಇನ್ನೊಂದು ಬದಿಗೆ ಉದ್ದನೆಯ ಶಿಲುಬೆ ಹಿಡಿದ, ರೆಕ್ಕೆಯುಳ್ಳ ಜಯದೇವತೆ.

ನಮ್ಮ ಸೀಮೆಯೂ ಬದಲಾಗಿತ್ತು. ಸುಮಾರು 345ರಲ್ಲಿ ಮಯೂರಶರ್ಮ ಬನವಾಸಿಯಲ್ಲಿ ಕದಂಬ ರಾಜ್ಯ ಕಟ್ಟಿದ. ಬನವಾಸಿ ಆಗಲೇ ಹಳೆಯ ಊರು. 2ನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಯ ಪಟ್ಟಿಯಲ್ಲಿ ಅದರ ಹೆಸರು ಬಹುಮಟ್ಟಿಗೆ ಸರಿಯಾಗಿಯೇ ಇದೆ. ಬನವಾಸಿಯನ್ನು ಬಳಸಿ ಹರಿಯುವ ವರದೆಯೇ ಮುಂದೆ ನಮ್ಮ ಜಿಲ್ಲೆಯನ್ನು ಹಾಯ್ದು ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಹಾನಗಲ್ಲು, ಅಕ್ಕಿಆಲೂರು ಆ ರಾಜ್ಯದ ಒಡಲಿನಲ್ಲೇ ಇದ್ದವು. ಪಶ್ಚಿಮಕ್ಕೆ ಘಟ್ಟ ಇಳಿದರೆ ಕಡಲು.

ಆ ಕಡಲಿನ ವ್ಯಾಪಾರವನ್ನು 6ನೆಯ ಶತಮಾನದ ಮಧ್ಯದಲ್ಲಿ ಕೋಸ್ಮಸ್ ಎಂಬವನು ವಿವರಿಸಿದ್ದಾನೆ. ಅಲೆಕ್ಸಾಂಡ್ರಿಯಾದ ವರ್ತಕನಾಗಿದ್ದು ಕೊನೆಗೆ ಸನ್ಯಾಸಿಯಾದವನು. ವಿಶ್ವ ಪೆಟ್ಟಿಗೆಯಾಕಾರದಲ್ಲಿದೆ ಎಂದು ವಾದಿಸಿ ನಗೆಗೀಡಾದವನು, ಆದರೆ ಸರಕು ಸಂತೆಯ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ. ಮೆಣಸು ಹೊರಡುವ ಐದು ಬಂದರುಗಳನ್ನು ಅವನು ಹೆಸರಿಸುತ್ತಾನೆ. ಅವುಗಳಲ್ಲಿ ಒಂದು ಮಂಗರೂತ್, ನಮ್ಮ ಮಂಗಳೂರು. ಅವನು ಹೇಳುವ ಒಂದು ಕಥೆ ಹೀಗಿದೆ. ಸೋಪಾತ್ರಸ್ ಎಂಬ ರೋಮನ್ ವರ್ತಕನೂ ಒಬ್ಬ ಪಾರಸಿಕನೂ ಸಿಂಹಳದ ದೊರೆಯ ಮುಂದೆ ನಿಂತಿದ್ದರು. ನಿಮ್ಮಿಬ್ಬರ ರಾಜರಲ್ಲಿ ಯಾರು ದೊಡ್ಡವರು ಎಂದು ದೊರೆ ಕೇಳಿದ. ಪಾರಸಿಕ ತನ್ನ ರಾಜನನ್ನು ಹೊಗಳಿದ್ದೇ ಹೊಗಳಿದ್ದು. ಸೋಪಾತ್ರಸ್ ಸುಮ್ಮನಿದ್ದ. ಕೊನೆಗೆ, ಇಬ್ಬರು ರಾಜರೂ ಇಲ್ಲೇ ಇದ್ದಾರೆ, ನೀವೇ ನೋಡಿಕೊಳ್ಳಿ ಎಂದು ಎರಡು ನಾಣ್ಯ ತರಿಸಿದ. ಪಾರಸಿಕನದು ಬೆಳ್ಳಿ, ರೋಮಿನದು ಹೊಳೆಯುವ ಚಿನ್ನ. ತೀರ್ಪು ಅಲ್ಲೇ ಆಯಿತು. ಕಥೆ ನಿಜವೋ ಸುಳ್ಳೋ, ಆ ಚಿನ್ನಕ್ಕೆ ಈ ಕಡಲಿನಲ್ಲಿದ್ದ ಮರ್ಯಾದೆ ನಿಜ.

ಆದರೆ ಅಕ್ಕಿಆಲೂರಿನಂಥ ಒಳನಾಡಿನ ಊರಿನಲ್ಲಿ ಸಾಲಿಡಸ್ ಹಣವಾಗಿ ಚಲಾವಣೆಯಲ್ಲಿತ್ತೆ? ನಾನು ಒಪ್ಪುವುದಿಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳಿಗೆ ಚಕ್ರವರ್ತಿಯ ತಲೆಯ ಮೇಲ್ಗಡೆ ಒತ್ತೊತ್ತಾಗಿ ಎರಡು ತೂತುಗಳಿವೆ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲುವ ಹಾಗೆ. ತಾಯಂದಿರು ಆಗಲೇ ನಗುತ್ತಿದ್ದಾರೆ, ಅವರಿಗೆ ಅರ್ಥವಾಯಿತು. ನಿಮ್ಮ ಅಜ್ಜಿಯಂದಿರ ಪುತಳಿ ಸರ, ಕಾಸಿನ ಸರ ಮತ್ತೇನು? ಪುತಳಿಯ ಮೂಲವೂ ಇಟಲಿಯದೇ: ವೆನಿಸ್ ನಗರದ ಡುಕಾಟ್ ಎಂಬ ಚಿನ್ನದ ನಾಣ್ಯ. ಅದರ ಮೇಲಿನ ಬೊಂಬೆಯಂಥ ಆಕೃತಿಗಳನ್ನು ಕಂಡು ನಮ್ಮವರು ಪುತಳಿ ಎಂದರು. ಆ ಆಕೃತಿ ಅಲ್ಲಿಯ ಸಂತ ಮಾರ್ಕನದು, ಅವನ ಮುಂದೆ ಮಂಡಿಯೂರಿದ ಅಧಿಪತಿಯದು. ಎರಡು ಕಾಲ, ಎರಡು ಸಾಮ್ರಾಜ್ಯ, ಚಿನ್ನ ಬಂದು ಸೇರಿದ್ದು ಮಾತ್ರ ಅದೇ ಕೊರಳು. ಅದರ ಮೇಲಿನ ಲಿಪಿ ಯಾರೂ ಓದಲಿಲ್ಲ. ಓದುವ ಅಗತ್ಯ ಯಾರಿಗೂ ಬೀಳಲಿಲ್ಲ.

ಅಕ್ಕಿಆಲೂರಿನ ಚಿನ್ನವನ್ನು ನೆಲಕ್ಕೆ ಇಟ್ಟದ್ದು ಯಾಕೆ? ಕಡೆಯ ನಾಣ್ಯಗಳು 6ನೆಯ ಶತಮಾನದ ಆರಂಭದವು. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿದ, ಕದಂಬರ ದಿನಗಳು ಇಳಿಯತೊಡಗಿದವು. ಚಾಲುಕ್ಯರ ದಂಡು ಬರುತ್ತದೆಂದು ಹೆದರಿ ಯಾರೋ ಗಡಿಗೆ ಹೂತರು ಎಂದು ಹೇಳುವ ಆಸೆ ನನಗೂ ಇದೆ, ಕಥೆ ಚೆನ್ನಾಗಿರುತ್ತದೆ. ಆದರೆ ನಾಣ್ಯ ಅಷ್ಟು ಹೇಳುವುದಿಲ್ಲ. ಕೊನೆಯ ನಾಣ್ಯ ಅಚ್ಚಾದ ಮೇಲೆ ಹೂತರು ಎಂದಷ್ಟೇ ಹೇಳುತ್ತದೆ. ಹತ್ತು ವರ್ಷದ ಮೇಲೋ, ನೂರು ವರ್ಷದ ಮೇಲೋ.

ಇಂಥ ಆಸೆ ಇನ್ನೊಂದು ಕಡೆಯೂ ನಮ್ಮನ್ನು ಎಳೆಯುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ದಿಬ್ಬದೊಳಗೆ ದೊರೆತು 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನವಿದೆ, 2ನೆಯ ಶತಮಾನದ ಹಾಳೆ. ಕರಿಶನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸೆರೆ ಸಿಕ್ಕಿರುತ್ತಾಳೆ. ಅವಳ ಅಣ್ಣ ಮತ್ತು ಗೆಳೆಯರು ಅಲ್ಲಿಯ ದೊರೆಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಮತ್ತೇರಿಸಿ, ಅವಳನ್ನು ಪಾರು ಮಾಡುತ್ತಾರೆ. ಆ ದೊರೆ ಅವನದೇ ಭಾಷೆ ಆಡುತ್ತಾನೆ, ಗ್ರೀಕ್ ಲಿಪಿಯಲ್ಲಿ. 1904ರಲ್ಲಿ ಶಾಸನತಜ್ಞ ಹುಲ್ಷ್ ಅದು ಕನ್ನಡ ಎಂದರು. ಕೊಂಚ, ಪಾತ್ರೆ ಎಂಬ ಮಾತುಗಳು ಅವರ ಕಿವಿಗೆ ಕೇಳಿಸಿದವು. ಶಾಮಾಶಾಸ್ತ್ರಿಗಳು ದನಿಗೂಡಿಸಿದರು, ಮಂಜೇಶ್ವರದ ಗೋವಿಂದ ಪೈಗಳು ಆಸಕ್ತಿಯಿಂದ ಬರೆದರು. ಬಾರ್ನೆಟ್ ಒಪ್ಪಲಿಲ್ಲ. ತುಳು ಎಂದವರೂ ಇದ್ದಾರೆ, ನಗಿಸಲೆಂದು ಕಟ್ಟಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಹಲ್ಮಿಡಿ ಶಾಸನಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಕನ್ನಡ ಸಿಕ್ಕಿದರೆ ಯಾರಿಗೆ ಬೇಡ? ನನ್ನ ಮಟ್ಟಿಗೆ, ವಿಷಯ ಇನ್ನೂ ತೀರ್ಮಾನವಾಗಿಲ್ಲ. ಎಷ್ಟೋ ಭಾಷಣಗಳಲ್ಲಿ ಅದನ್ನು ತೀರ್ಮಾನವಾದಂತೆ ಹೇಳುವುದು ಕೇಳಿ ನನಗೆ ಕಸಿವಿಸಿಯಾಗುತ್ತದೆ. ಅಕ್ಕಿಆಲೂರಿನ ಚಿನ್ನದ ವಿಷಯದಲ್ಲಿ ಅಂಥ ಜಗಳವಿಲ್ಲ. ಅದು ತಕ್ಕಡಿಯಲ್ಲಿ ಇಡಬಹುದಾದ ಸಾಕ್ಷಿ. ಅದಕ್ಕಾಗಿಯೇ ನಾಟಕಕ್ಕಿಂತ ಅದನ್ನು ಹೆಚ್ಚು ಹೊತ್ತು ಹೇಳಿದೆ.

ಆ ಸಾಕ್ಷಿ ಕರಗಿ ಹೋಗುವುದು ಮಾತ್ರ ಬಹಳ ಸುಲಭ. 1847ರಲ್ಲಿ ಕಣ್ಣೂರಿನ ಹತ್ತಿರ ಕೊಟ್ಟಾಯಂ ಎಂಬಲ್ಲಿ ಐದು ಆಳು ಹೊರುವಷ್ಟು ರೋಮನ್ ಚಿನ್ನ ಸಿಕ್ಕಿತೆಂದು ಅಂದಿನವರು ಬರೆದಿದ್ದಾರೆ. ಅದರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಪಾಲು. ಉಳಿದದ್ದು ಕೈಬದಲಾಯಿತು, ಕುಲುಮೆ ಸೇರಿತು. ನಮ್ಮ ಕಡೆ ರಂಟೆಗೆ ತಾಗಿದ ಗಡಿಗೆಗಳಲ್ಲಿ ಎಷ್ಟು ಹೀಗೆ ಹೋಗಿರಬೇಡ? ಇದರಲ್ಲಿ ಯಾರನ್ನೂ ಕಳ್ಳನೆನ್ನಲು ನನಗೆ ಮನಸ್ಸಿಲ್ಲ. ಬಡವನ ಹೊಲದಲ್ಲಿ ಬಂಗಾರ ಸಿಕ್ಕರೆ ಅವನಿಗೆ ಮೊದಲು ನೆನಪಾಗುವುದು ಮಗಳ ಮದುವೆ, ಆಮೇಲೆ ಪೊಲೀಸರು. ಇತಿಹಾಸ ನೆನಪಾಗುವುದಿಲ್ಲ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ತಂದು, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದರು. ಸಿಕ್ಕವನಿಗೂ ಹೊಲದ ಒಡೆಯನಿಗೂ ಪಾಲು ಇಟ್ಟರು. ಕರ್ನಾಟಕಕ್ಕೆ ತನ್ನದೇ ನಿಧಿ ಕಾಯ್ದೆ ಇದೆ. ನಮ್ಮ ಜನರಿಗೆ ಅದರ ದಂಡದ ಭಾಗ ಗೊತ್ತಿರುವಷ್ಟು ಪಾಲಿನ ಭಾಗ ಗೊತ್ತಿಲ್ಲ. ಮೊದಲು ತಿಳಿಸಬೇಕಾದದ್ದು ಪಾಲಿನ ಮಾತನ್ನು.

ಆಗಲೇ ನೆನಪಿಡಿ ಎಂದದ್ದು ಇದಕ್ಕೆ. ನಾಳೆ ನಿಮ್ಮಲ್ಲಿ ಯಾರಿಗಾದರೂ ಹೊಲದಲ್ಲಿಯೋ ಮನೆಯ ಪಾಯದಲ್ಲಿಯೋ ಇಂಥದು ಕಂಡರೆ, ನಾಣ್ಯವನ್ನು ಹುಣಿಸೇಹಣ್ಣು ಹಚ್ಚಿ ತಿಕ್ಕಬೇಡಿ. ಗಡಿಗೆಯ ಚೂರುಗಳನ್ನು ಬದುವಿಗೆ ಎಸೆಯಬೇಡಿ, ಅದೇ ಬುಟ್ಟಿಯಲ್ಲಿ ಇಡಿ. ಎಷ್ಟು ಮೊಳ ಆಳದಲ್ಲಿ ಸಿಕ್ಕಿತು, ಸುತ್ತ ಬೂದಿ ಇತ್ತೋ ಸುಟ್ಟ ಇಟ್ಟಿಗೆ ಇತ್ತೋ, ಒಂದು ಕಾಗದದಲ್ಲಿ ಬರೆದಿಡಿ. ಬಂಗಾರದ ಬೆಲೆ ಪತ್ತಾರ ಹೇಳುತ್ತಾನೆ. ಅದನ್ನು ಇಟ್ಟವರು ಯಾವ ಕಾಲದವರೆಂದು ಹೇಳಬೇಕಾದದ್ದು ಆ ಗಡಿಗೆಯ ಚೂರು.

ಹೊತ್ತಾಯಿತು, ದೂರದವರಿಗೆ ಬಸ್ಸಿನ ಚಿಂತೆ ಇದೆ. ಪುತಳಿ ಸರದ ಬಗ್ಗೆ ತಾಯಂದಿರು ಏನೋ ಹೇಳಬೇಕೆಂದಿದ್ದ ಹಾಗಿತ್ತು, ಮೊದಲು ಅವರೇ ಮಾತಾಡಲಿ.